ನಾಯಕನಿಲ್ಲದ ದಂಡು: ಹವಳದ ದಿಬ್ಬದ ಮೀನು ದಾರಿ ಹಿಡಿಯುವುದು ಹೇಗೆ?

ಈ ಸಂಚಿಕೆಯಲ್ಲಿ ನಾನು ಮಾತಾಡ್ತಾ ಇರೋದು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಿಂದ. ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದ ಊರು ಇದು. ಹತ್ತಿರದ ಕಡಲು ಅಂದ್ರೆ ಮೊಂಬಾಸಾ, ರಸ್ತೆಯಲ್ಲಿ 480 ಕಿಲೋಮೀಟರ್ ದೂರ. ಇಲ್ಲಿಂದ ಕೂತು ಕಡಲ ಮೀನಿನ ಮಾತು ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ಶಾಲೆಗೆ ರಜೆ ಬಂತು ಅಂದ್ರೆ ಇಲ್ಲಿನ ಎಷ್ಟೋ ಮನೆಗಳವರು ರೈಲು ಹತ್ತಿ ಕರಾವಳಿಗೆ ಹೋಗ್ತಾರೆ. ಡಿಯಾನಿ, ವಟಾಮು, ಮಾಲಿಂದಿ. ಗಾಜಿನ ತಳದ ದೋಣಿಯಲ್ಲಿ ಕೂತು, ಇಲ್ಲವೇ ಕನ್ನಡಕ ಕಟ್ಟಿಕೊಂಡು ನೀರಿಗೆ ಮುಖ ಅದ್ದಿ, ಹವಳದ ದಿಬ್ಬ ನೋಡಿ ಬರ್ತಾರೆ. ಬಂದ ಮೇಲೆ ಮಕ್ಕಳು ಕೇಳೋ ಪ್ರಶ್ನೆ ಒಂದೇ: ಅಷ್ಟು ಮೀನು ಒಟ್ಟಿಗೆ ತಿರುಗುತ್ತಲ್ಲ, ಯಾರು ಹೇಳ್ತಾರೆ ಅವಕ್ಕೆ?

ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತಾ ಹೋದ್ರೆ ಇನ್ನೊಂದು ದೊಡ್ಡ ಪ್ರಶ್ನೆ ಎದುರಾಗುತ್ತೆ. ಮೀನು ಎಲ್ಲಿ, ಯಾವಾಗ, ಯಾರ ಜೊತೆ ಓಡಾಡುತ್ತೆ ಅನ್ನೋದು ಗೊತ್ತಿಲ್ಲದೆ ಅದನ್ನು ಉಳಿಸೋಕೆ ಆಗುತ್ತಾ? ಕೀನ್ಯಾದ ಕರಾವಳಿಯಲ್ಲಿ ಈ ಪ್ರಶ್ನೆಯ ಮೇಲೆ ಸಾವಿರಾರು ಮೀನುಗಾರರ ಊಟ ನಿಂತಿದೆ. ಇವತ್ತು ಈ ಎರಡೂ ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಬಿಡಿಸೋಣ.

ಗುಂಪು ಬೇರೆ, ದಂಡು ಬೇರೆ

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳೋಣ. ಮೀನುಗಳು ಒಂದು ಕಡೆ ಸೇರಿಕೊಂಡು, ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿ, ಮೇಯ್ತಾ ಇದ್ರೆ ಅದು ಗುಂಪು. ಸಂತೆಯಲ್ಲಿ ಜನ ಇರೋ ಹಾಗೆ. ಅದೇ ಮೀನುಗಳು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಒಂದೇ ಅಂತರ ಇಟ್ಟುಕೊಂಡು ಹೊರಟರೆ ಅದು ದಂಡು. ವಿಜ್ಞಾನಿಗಳು ಈ ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟಿದ್ದಾರೆ. ಯಾಕಂದ್ರೆ ಒಂದೇ ಮೀನು ದಿನದಲ್ಲಿ ಹತ್ತಾರು ಸಲ ಗುಂಪಿನಿಂದ ದಂಡಿಗೆ, ದಂಡಿನಿಂದ ಗುಂಪಿಗೆ ಬದಲಾಗುತ್ತೆ. ಮೇಯುವಾಗ ಗುಂಪು. ಬೇಟೆಗಾರ ಕಂಡ್ರೆ ಕ್ಷಣದಲ್ಲಿ ದಂಡು.

ಹಾಗಾದ್ರೆ ಆ ದಂಡಿಗೆ ನಾಯಕ ಯಾರು? ಯಾರೂ ಇಲ್ಲ. ಮುಂದೆ ಇರೋ ಮೀನೇ ನಾಯಕ ಅಂತ ನಮಗೆ ಅನ್ನಿಸುತ್ತೆ. ಆದ್ರೆ ದಂಡು ಬಲಕ್ಕೆ ತಿರುಗಿದ ಕೂಡಲೇ ಮುಂದಿದ್ದದ್ದು ಬದಿಗೆ ಬರುತ್ತೆ, ಬದಿಯಲ್ಲಿದ್ದದ್ದು ಮುಂದಕ್ಕೆ.

1986-87ರ ಸುಮಾರಿಗೆ ಕ್ರೇಗ್ ರೆನಾಲ್ಡ್ಸ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞ ಇದನ್ನು ಪರದೆಯ ಮೇಲೆ ತೋರಿಸಿದರು. ಅವರು ಪರದೆಯಲ್ಲಿ ಹಕ್ಕಿಗಳಂಥ ಆಕೃತಿಗಳನ್ನು ಬಿಟ್ಟು, ಪ್ರತಿಯೊಂದಕ್ಕೂ ಮೂರೇ ನಿಯಮ ಕೊಟ್ಟರು. ಒಂದು, ಪಕ್ಕದವರಿಗೆ ಡಿಕ್ಕಿ ಹೊಡೀಬೇಡ. ಎರಡು, ಪಕ್ಕದವರು ಹೋಗೋ ದಿಕ್ಕಿಗೇ ಹೋಗು. ಮೂರು, ಪಕ್ಕದವರಿಂದ ತೀರಾ ದೂರ ಉಳಿಯಬೇಡ. ಅಷ್ಟೇ. ಇಡೀ ಗುಂಪು ಹೇಗಿರಬೇಕು ಅಂತ ಯಾರಿಗೂ ಹೇಳಿರಲಿಲ್ಲ. ಆದ್ರೂ ಪರದೆಯಲ್ಲಿ ನಿಜವಾದ ಹಕ್ಕಿಗಳ ಹಿಂಡಿನಂಥದ್ದೇ ಹಿಂಡು ಮೂಡಿತು. ಅಡ್ಡಿ ಬಂದಾಗ ಎರಡಾಗಿ ಒಡೆದು, ದಾಟಿದ ಮೇಲೆ ಮತ್ತೆ ಒಂದಾಯಿತು. 1992ರ ಬ್ಯಾಟ್‌ಮನ್ ಸಿನಿಮಾದಲ್ಲಿ ಬಾವಲಿಗಳ ಹಿಂಡು ಹಾರಿದ್ದು ಇದೇ ಬಗೆಯ ಲೆಕ್ಕದಲ್ಲಿ.

ಮೀನಿನ ದಂಡೂ ಹೆಚ್ಚು ಕಡಿಮೆ ಹೀಗೇ. ಪ್ರತಿ ಮೀನಿಗೂ ಗೊತ್ತಿರೋದು ತನ್ನ ಅಕ್ಕಪಕ್ಕದ ಕೆಲವು ಮೀನುಗಳು ಮಾತ್ರ. ಸಾವಿರ ಮೀನು ಒಟ್ಟಿಗೆ ತಿರುಗಿದ ಹಾಗೆ ನಮಗೆ ಕಾಣುತ್ತೆ. ನಿಜದಲ್ಲಿ ಒಂದು ತುದಿಯಲ್ಲಿ ಶುರುವಾದ ತಿರುವು ಅಲೆಯ ಹಾಗೆ ಇನ್ನೊಂದು ತುದಿಗೆ ಹರಿದಿರುತ್ತೆ. ಅದು ಎಷ್ಟು ಬೇಗ ಆಗುತ್ತೆ ಅಂದ್ರೆ, ನಮ್ಮ ಕಣ್ಣಿಗೆ ಒಟ್ಟಿಗೇ ಆದ ಹಾಗೆ ಅನ್ನಿಸುತ್ತೆ.

ಕಣ್ಣು ಮುಚ್ಚಿದರೂ ದಂಡು ಬಿಡದ ಮೀನು

ಪಕ್ಕದವರು ಏನು ಮಾಡ್ತಿದ್ದಾರೆ ಅನ್ನೋದು ಮೀನಿಗೆ ಹೇಗೆ ತಿಳಿಯುತ್ತೆ? ಕಣ್ಣಿನಿಂದ ಅಂತ ಸಹಜವಾಗಿ ಹೇಳ್ತೀವಿ. 1976ರಲ್ಲಿ ಪಿಚರ್, ಪಾರ್ಟ್ರಿಜ್ ಮತ್ತು ವಾರ್ಡಲ್ ಎಂಬ ಮೂವರು ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಸೇತ್ ಎಂಬ ಉತ್ತರ ಅಟ್ಲಾಂಟಿಕ್‌ನ ಮೀನಿನ ಕಣ್ಣುಗಳನ್ನು ತಾತ್ಕಾಲಿಕವಾಗಿ ಮುಚ್ಚಿ, ಈಜುತ್ತಿದ್ದ ದಂಡಿನ ಜೊತೆ ಬಿಟ್ಟರು. ಏನೂ ಕಾಣದಿದ್ದರೂ ಆ ಮೀನು ದಂಡಿನಲ್ಲಿ ತನ್ನ ಜಾಗ ಹಿಡಿದು ಈಜಿತು! ಪಾರ್ಶ್ವ ರೇಖೆ ಅನ್ನೋ ಅಂಗವನ್ನೂ ಕೆಲಸ ಮಾಡದ ಹಾಗೆ ಮಾಡಿದಾಗ ಮಾತ್ರ ಅದಕ್ಕೆ ದಂಡಿನ ಜೊತೆ ಹೋಗೋಕೆ ಆಗಲಿಲ್ಲ.

ಏನಿದು ಪಾರ್ಶ್ವ ರೇಖೆ? ನೀವು ಅಡುಗೆಮನೆಯಲ್ಲಿ ಮೀನು ಶುಚಿ ಮಾಡಿದ್ರೆ ನೋಡಿರ್ತೀರಿ. ಕಿವಿರಿನ ಹಿಂದಿನಿಂದ ಬಾಲದವರೆಗೆ, ಮೈಯ ಎರಡೂ ಬದಿಗೆ ಒಂದು ಗೆರೆ ಇರುತ್ತೆ. ಅದು ಬರೀ ಗೆರೆಯಲ್ಲ. ಅಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಒಳಗೆ ಕೂದಲಿನಂಥ ಎಳೆಗಳಿರೋ ಜೀವಕೋಶಗಳಿವೆ. ಪಕ್ಕದ ಮೀನು ಬಾಲ ಬೀಸಿದಾಗ ನೀರಿನಲ್ಲಿ ಏಳುವ ಸಣ್ಣ ತಳ್ಳಾಟವನ್ನು ಅವು ಗುರುತಿಸ್ತವೆ. ನಮ್ಮ ಕಿವಿಯೊಳಗೆ ಶಬ್ದ ಹಿಡಿಯೋ ಜೀವಕೋಶಗಳಿವೆಯಲ್ಲ, ಅವುಗಳ ನಂಟಿನವೇ ಇವು. ಅಂದ್ರೆ ಮೀನು ತನ್ನ ನೆರೆಯವರನ್ನು ಕಣ್ಣಿನಿಂದ ನೋಡುತ್ತೆ, ಮೈಯಿಂದ ಮುಟ್ಟದೆಯೇ ಮುಟ್ಟುತ್ತೆ. ದೂರ ಇದ್ದವರ ಹತ್ತಿರ ಬರೋಕೆ ಕಣ್ಣು ಬೇಕು, ವೇಗ ಮತ್ತು ಅಂತರ ಸರಿಯಾಗಿ ಇಟ್ಟುಕೊಳ್ಳೋಕೆ ಪಾರ್ಶ್ವ ರೇಖೆ ಬೇಕು.

ಸೇರಿದರೆ ಏನು ಲಾಭ?

ಇಷ್ಟೆಲ್ಲ ಕಷ್ಟಪಟ್ಟು ಒಟ್ಟಿಗೆ ಇರೋದು ಯಾಕೆ? ಒಂದೇ ಹುಲ್ಲಿಗೆ ಹತ್ತು ಬಾಯಿ ಬಂದ್ರೆ ಊಟ ಕಡಿಮೆ ಅಲ್ವಾ?

ಮೊದಲ ಲಾಭ ಲೆಕ್ಕದ್ದು. ಒಬ್ಬನೇ ಇದ್ದಾಗ ಬೇಟೆಗಾರ ಬಂದ್ರೆ ಸಿಗೋದು ನಾನೇ. ನೂರು ಜನ ಇದ್ರೆ ನನ್ನ ಪಾಲಿನ ಅಪಾಯ ನೂರರಲ್ಲಿ ಒಂದು. 1971ರಲ್ಲಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ ಎಂಬ ಜೀವವಿಜ್ಞಾನಿ ಇದನ್ನು ಸ್ವಾರ್ಥಿಗಳ ಹಿಂಡು ಅಂತ ಕರೆದರು. ಪ್ರತಿಯೊಬ್ಬನೂ ಇನ್ನೊಬ್ಬನನ್ನು ತನ್ನ ಮತ್ತು ಬೇಟೆಗಾರನ ನಡುವೆ ಇಟ್ಟುಕೊಳ್ಳೋಕೆ ನೋಡ್ತಾನೆ, ಅದರಿಂದಲೇ ಹಿಂಡು ಬಿಗಿಯಾಗುತ್ತೆ. ಪ್ರೀತಿಯಿಂದ ಅಲ್ಲ, ಭಯದಿಂದ.

ಎರಡನೆಯದು ಗೊಂದಲ. 1974ರಲ್ಲಿ ನೀಲ್ ಮತ್ತು ಕಲೆನ್ ಎಂಬವರು ಬೊಂಡಾಸ್ ಜಾತಿಯ ಪ್ರಾಣಿಗಳು, ಪೈಕ್ ಮತ್ತು ಪರ್ಚ್ ಮೀನುಗಳು ಬೇಟೆ ಆಡೋದನ್ನು ನೋಡಿದರು. ಎದುರಿಗಿರೋ ಮೀನಿನ ಗುಂಪು ದೊಡ್ಡದಾದಷ್ಟೂ ಬೇಟೆಗಾರನ ಪ್ರತಿ ದಾಳಿ ಗೆಲ್ಲೋ ಸಾಧ್ಯತೆ ಕಡಿಮೆ ಆಯಿತು. ಒಂದನ್ನು ಗುರಿ ಇಟ್ಟು ಹೋದ್ರೆ ಇನ್ನೊಂದು ಅಡ್ಡ ಬರುತ್ತೆ, ಗುರಿ ತಪ್ಪುತ್ತೆ. ಗಾಳಿಗೆ ಎಸೆದ ಹತ್ತು ಚೆಂಡಿನಲ್ಲಿ ಒಂದನ್ನು ಹಿಡಿ ಅಂದ್ರೆ ನಮಗೂ ಹಾಗೇ ಆಗೋದು.

ಮೂರನೆಯದು ಹವಳದ ದಿಬ್ಬಕ್ಕೇ ವಿಶೇಷವಾದದ್ದು. ದಿಬ್ಬದ ಮೇಲೆ ಡ್ಯಾಮ್ಸೆಲ್ ಅನ್ನೋ ಅಂಗೈಗಿಂತ ಚಿಕ್ಕ ಮೀನುಗಳಿರ್ತವೆ. ಅವು ತಮ್ಮದೇ ಪಾಚಿಯ ತೋಟ ಇಟ್ಟುಕೊಂಡು, ಯಾರು ಹತ್ತಿರ ಬಂದ್ರೂ ಅಟ್ಟಿ ಓಡಿಸ್ತವೆ. ತಮಗಿಂತ ಎಷ್ಟೋ ದೊಡ್ಡ ಮೀನನ್ನೂ, ಕೆಲವೊಮ್ಮೆ ಈಜೋ ಮನುಷ್ಯನನ್ನೂ ಬಿಡೋದಿಲ್ಲ. ಒಂಟಿ ಸರ್ಜನ್ ಮೀನು ಆ ತೋಟಕ್ಕೆ ಹೋದ್ರೆ ಊಟ ಸಿಗಲ್ಲ. ಆದ್ರೆ ಕೈದಿಯ ಅಂಗಿಯ ಹಾಗೆ ಕಪ್ಪು ಪಟ್ಟೆ ಇರೋ ಸರ್ಜನ್ ಮೀನುಗಳು ಹತ್ತಾರು, ನೂರಾರು ಸೇರಿ ಒಮ್ಮೆಲೇ ಇಳಿದ್ರೆ? ತೋಟದ ಯಜಮಾನ ಒಂದನ್ನು ಓಡಿಸೋಷ್ಟರಲ್ಲಿ ಉಳಿದವು ಮೇದು ಮುಗಿಸ್ತವೆ. ಇಲ್ಲಿ ಗುಂಪು ರಕ್ಷಣೆಗೆ ಅಲ್ಲ, ದಾಳಿಗೆ.

ಗುಂಪು ದೊಡ್ಡದೇ ಆಗಬೇಕು ಅಂತಲೂ ಇಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಬ್ರಾಂಡಲ್ ಮತ್ತು ಬೆಲ್‌ವುಡ್ ಎಂಬ ವಿಜ್ಞಾನಿಗಳು ಜೋಡಿಯಾಗಿ ಓಡಾಡೋ ರ‍್ಯಾಬಿಟ್‌ಫಿಶ್‌ಗಳನ್ನು ಗಮನಿಸಿ 2015ರಲ್ಲಿ ವರದಿ ಮಾಡಿದರು. ಒಂದು ಮೀನು ಹವಳದ ಸಂದಿಗೆ ತಲೆ ಹಾಕಿ ಪಾಚಿ ಕೀಳುವಾಗ ಅದಕ್ಕೆ ಸುತ್ತಮುತ್ತ ಏನೂ ಕಾಣಲ್ಲ. ಆಗ ಜೊತೆಗಾರ ತಲೆ ಮೇಲೆತ್ತಿ ಅಲ್ಲೇ ಕಾವಲು ನಿಲ್ಲುತ್ತೆ. ಆಮೇಲೆ ಪಾಳಿ ಬದಲು. ನಾನು ನಿನ್ನ ಕಾಯ್ತೀನಿ, ನೀನು ನನ್ನ ಕಾಯಿ ಅನ್ನೋ ಈ ಲೇವಾದೇವಿ ಮೀನಿನಲ್ಲೂ ಇದೆ ಅನ್ನೋದು ಅನೇಕರಿಗೆ ಅಚ್ಚರಿ ತಂದಿತು.

ಈ ರ‍್ಯಾಬಿಟ್‌ಫಿಶ್ ಅನ್ನೋ ಹೆಸರನ್ನು ನೆನಪಿಟ್ಟುಕೊಳ್ಳಿ. ಮೊಲದಂಥ ಮೂತಿ, ಬೆನ್ನ ಮೇಲೆ ವಿಷದ ಮುಳ್ಳು, ಬಾಯಲ್ಲಿ ಸದಾ ಪಾಚಿ ಇಲ್ಲವೇ ಕಡಲ ಹುಲ್ಲು. ಕೀನ್ಯಾದ ಕಥೆಯ ನಾಯಕ ಇದೇ. ಸ್ವಾಹಿಲಿಯಲ್ಲಿ ಇದರ ಹೆಸರು ತಾಫಿ.

ಕಾಣದ ಗೆರೆ

ಈಗ ಕೀನ್ಯಾದ ಕರಾವಳಿಗೆ ಇಳಿಯೋಣ. ತಾಂಜಾನಿಯಾದ ಗಡಿಯಿಂದ ಮಾಲಿಂದಿಯ ಕಡೆಗೆ, ದಡಕ್ಕೆ ಸಮಾನಾಂತರವಾಗಿ ಹವಳದ ದಿಬ್ಬ ಹಬ್ಬಿದೆ. ನದಿ ಅಥವಾ ಹಿನ್ನೀರು ಸಮುದ್ರ ಸೇರೋ ಕಡೆ ಮಾತ್ರ ಅದು ತುಂಡಾಗುತ್ತೆ. ದಿಬ್ಬಕ್ಕೂ ದಡಕ್ಕೂ ನಡುವೆ ಆಳವಿಲ್ಲದ ನೀರು, ಅದರ ತುಂಬ ಕಡಲ ಹುಲ್ಲು. ಸಣ್ಣ ದೋಣಿಯ ಮೀನುಗಾರರಿಗೆ ಇದೇ ಹೊಲ. ದೊಡ್ಡ ಹಡಗಿಲ್ಲ, ಆಳ ಕಡಲಿಗೆ ಹೋಗೋ ಶಕ್ತಿ ಇಲ್ಲ. ದಿಬ್ಬದ ಮೀನೇ ಬದುಕು.

ಇದೇ ನೀರಿನಲ್ಲಿ ಸರ್ಕಾರ ಕೆಲವು ಭಾಗಗಳನ್ನು ಕಡಲ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದೆ. ಮಾಲಿಂದಿ ಮತ್ತು ವಟಾಮು ಉದ್ಯಾನಗಳು 1968ರವು, ಇಡೀ ಆಫ್ರಿಕಾದಲ್ಲೇ ಮೊದಮೊದಲಿನವು. ಮೊಂಬಾಸಾ ಉದ್ಯಾನ 1986ರದ್ದು. ಅಲ್ಲಿ ಮೀನು ಹಿಡಿಯೋದನ್ನು ನಿಜವಾಗಿ ನಿಲ್ಲಿಸಿದ್ದು 1990ರ ದಶಕದ ಆರಂಭದಲ್ಲಿ. ಉದ್ಯಾನದ ಒಳಗೆ ಬಲೆ ಇಲ್ಲ, ಬುಟ್ಟಿ ಇಲ್ಲ, ಗಾಳ ಇಲ್ಲ.

ಮೀನುಗಾರರ ಕಡೆಯಿಂದ ಯೋಚನೆ ಮಾಡಿ. ಅಪ್ಪ, ಅಜ್ಜ ಮೀನು ಹಿಡಿದ ಜಾಗ ಒಂದು ದಿನ ಮುಚ್ಚಿಹೋಯಿತು. ಉಳಿದ ಜಾಗದಲ್ಲಿ ಅಷ್ಟೇ ಜನ. ಅವರಿಗೆ ಹೇಳಿದ ಸಮಾಧಾನ ಒಂದೇ: ಒಳಗೆ ಮೀನು ಬೆಳೆಯುತ್ತೆ, ತುಂಬಿ ಹೊರಗೆ ಹರಿದು ಬರುತ್ತೆ, ಆಗ ನಿಮಗೇ ಲಾಭ. ಕೆರೆ ತುಂಬಿ ಕೋಡಿ ಬಿದ್ದ ಹಾಗೆ. ಕೇಳೋಕೆ ಚೆನ್ನಾಗಿದೆ. ಆದ್ರೆ ನಿಜವಾ? ಇದಕ್ಕೆ ಉತ್ತರ ಪೂರ್ತಿ ಮೀನಿನ ನಡವಳಿಕೆಯ ಮೇಲೆ ನಿಂತಿದೆ. ಜಾಗ ಬಿಟ್ಟು ಕದಲದ ಮೀನಾದ್ರೆ ಕೋಡಿ ಬೀಳೋದೇ ಇಲ್ಲ. ಇಡೀ ಕಡಲು ಸುತ್ತೋ ಮೀನಾದ್ರೆ ಒಳಗೆ ನಿಲ್ಲೋದೇ ಇಲ್ಲ.

2000ದಲ್ಲಿ ಟಿಮ್ ಮೆಕ್‌ಕ್ಲಾನಹನ್ ಮತ್ತು ಸ್ಟೀಫನ್ ಮಂಗಿ ಮೊಂಬಾಸಾ ಉದ್ಯಾನದ ಅಕ್ಕಪಕ್ಕದಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಅವರು ಬಳಸಿದ್ದು ಅಲ್ಲಿನ ಮೀನುಗಾರರ ಸಾಧನವನ್ನೇ, ದೇಮಾ ಅನ್ನೋ ಹೆಣೆದ ಬುಟ್ಟಿ ಬೋನು. ಒಳಗೆ ಹೋಗೋ ದಾರಿ ಸುಲಭ, ಹೊರಗೆ ಬರೋ ದಾರಿ ಸಿಗಲ್ಲ. ಗಡಿಯಿಂದ ಬೇರೆ ಬೇರೆ ದೂರದಲ್ಲಿ ಬೋನು ಇಟ್ಟು ನೋಡಿದಾಗ ಉದ್ಯಾನದ ಗಡಿಗೆ ಹತ್ತಿರ ಇದ್ದ ಬೋನುಗಳಲ್ಲಿ ಮೀನು ಹೆಚ್ಚು, ದೂರ ಹೋದ ಹಾಗೆ ಕಡಿಮೆ. ಅಂದ್ರೆ ಕೋಡಿ ಬಿದ್ದದ್ದು ನಿಜ. ಆದ್ರೆ ಎಲ್ಲ ಜಾತಿಯ ಮೀನೂ ಹರಿದು ಬರಲಿಲ್ಲ. ಬಂದದ್ದು ಮಧ್ಯಮ ಓಡಾಟದ ಮೀನುಗಳು. ಅವುಗಳಲ್ಲಿ ಮುಖ್ಯವಾದದ್ದು ನಮ್ಮ ತಾಫಿ.

ಬೊಯಾಜ್ ಕೌಂಡಾ-ಅರಾರಾ ಮತ್ತು ಜಾರ್ಜ್ ರೋಸ್ ಅವರು ಮಾಲಿಂದಿ, ವಟಾಮುಗಳಲ್ಲಿ ಇನ್ನೊಂದು ದಾರಿ ಹಿಡಿದರು. ಉದ್ಯಾನದೊಳಗೆ ಮೀನು ಹಿಡಿದು, ಗುರುತಿನ ಚೀಟಿ ಸಿಕ್ಕಿಸಿ ಬಿಟ್ಟರು. ಆಮೇಲೆ ಹೊರಗಿನ ಮೀನುಗಾರರಿಗೆ ಯಾವುದು ಸಿಗುತ್ತೆ ನೋಡಿದರು. 2004ರಲ್ಲಿ ಪ್ರಕಟವಾದ ಅವರ ಫಲಿತಾಂಶವೂ ಇದೇ ಮಾತು ಹೇಳಿತು: ಹೊರಗೆ ಬಂದದ್ದು ಕೆಲವೇ ಜಾತಿಗಳು. ಅದೇ ವರ್ಷ ಅವರು ಗ್ರೂಪರ್ ಮೀನಿನ ಬಗ್ಗೆ ಇನ್ನೊಂದು ಸ್ವಾರಸ್ಯದ ಅಧ್ಯಯನ ಪ್ರಕಟಿಸಿದರು. ಶಬ್ದ ಮಾಡೋ ಸಣ್ಣ ಯಂತ್ರ ಕಟ್ಟಿ, ಗ್ರೂಪರ್‌ಗಳನ್ನು ಅವುಗಳ ಜಾಗದಿಂದ ದೂರ ಒಯ್ದು ಬಿಟ್ಟರು. ಎಷ್ಟೋ ಮೀನುಗಳು ದಾರಿ ಹುಡುಕಿಕೊಂಡು ತಮ್ಮ ಹಳೇ ಜಾಗಕ್ಕೇ ವಾಪಸ್ ಬಂದವು! ಮನೆ ಅನ್ನೋದು ಅವಕ್ಕೂ ಇದೆ.

ಹಾಗಾಗಿ ನೀರಿನ ಮೇಲೆ ಎಳೆದ ಒಂದೇ ಗೆರೆ ಮೂರು ಮೀನಿಗೆ ಮೂರು ಅರ್ಥ ಕೊಡುತ್ತೆ. ಕೆಲವೇ ಚದರ ಮೀಟರ್ ಜಾಗದಲ್ಲಿ ಬದುಕು ಕಳೆಯೋ ಡ್ಯಾಮ್ಸೆಲ್‌ಗೆ ಅದು ಪೂರ್ತಿ ಕೋಟೆ. ಮನೆ ಬಿಡದ ಗ್ರೂಪರ್‌ಗೆ, ಮನೆ ಒಳಗಿದ್ರೆ, ಭದ್ರ ಆಸರೆ. ತಾಫಿಗೆ ಅದು ಅರ್ಧ ದಿನದ ಆಸರೆ ಮಾತ್ರ. ಕಿಲಿಫಿ ಜಿಲ್ಲೆಯ ಕುರುವಿಟು ಎಂಬ ಹಳ್ಳಿಯವರು 2005ರ ಹೊತ್ತಿಗೆ ಸರ್ಕಾರಕ್ಕೆ ಕಾಯದೆ ತಾವೇ ಸುಮಾರು 30 ಹೆಕ್ಟೇರ್ ಕಡಲನ್ನು ಮುಚ್ಚಿದರು. ಇಂಥ ಜಾಗಕ್ಕೆ ಸ್ವಾಹಿಲಿಯಲ್ಲಿ ತೆಂಗೇಫು ಅಂತಾರೆ, ತೆಗೆದಿಟ್ಟದ್ದು ಅಂತ ಅರ್ಥ. 2017ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. 30 ಹೆಕ್ಟೇರ್ ಚಿಕ್ಕ ಜಾಗ. ಆದ್ರೆ ಚಿಕ್ಕ ಜಾಗದಲ್ಲಿ ಬಾಳೋ ಮೀನಿಗೆ, ಹವಳಕ್ಕೆ, ಅದು ಸಾಕಷ್ಟು ದೊಡ್ಡದು.

ಹುಣ್ಣಿಮೆಯ ಸಂತೆ

ತಾಫಿಯ ಕಥೆ ಇಲ್ಲಿಗೆ ಮುಗಿಯಲ್ಲ. ದಿನನಿತ್ಯ ಸಣ್ಣ ಸಣ್ಣ ಗುಂಪಾಗಿ ಮೇಯೋ ಈ ಮೀನು, ಮೊಟ್ಟೆ ಇಡೋ ಕಾಲಕ್ಕೆ ಬೇರೆಯೇ ಆಗುತ್ತೆ. ಸೇಶೆಲ್ಸ್ ದ್ವೀಪಗಳ ಪ್ರಾಲಿನ್ ಹತ್ತಿರ ನಡೆದ ಅಧ್ಯಯನಗಳಲ್ಲಿ, ಹುಣ್ಣಿಮೆಯ ಆಸುಪಾಸಿನಲ್ಲಿ ತಾಫಿಗಳು ಗೊತ್ತಾದ ಒಂದೇ ಜಾಗಕ್ಕೆ ದೊಡ್ಡ ದಂಡಾಗಿ ಬಂದು ಸೇರೋದು ಕಂಡಿದೆ. ಕೀನ್ಯಾದ ದಕ್ಷಿಣ ತುದಿಯ ಮ್ಸಾಂಬ್ವೇನಿಯ ಮೀನುಗಾರರಿಗೆ ತಮ್ಮ ನೀರಿನ ಇಂಥ ಜಾಗಗಳು ಮೊದಲೇ ಗೊತ್ತಿದ್ದವು. ವಿಜ್ಞಾನಿಗಳು ಅವರನ್ನೇ ಕೇಳಿ, ಅವರು ತೋರಿಸಿದ ಕಡೆ ಹೋಗಿ ಪರೀಕ್ಷೆ ಮಾಡಿದರು. ಪಶ್ಚಿಮ ಹಿಂದೂ ಮಹಾಸಾಗರದ ಇಂಥ ಕೂಟಗಳ ಬಗ್ಗೆ 2013ರಲ್ಲಿ ಒಂದು ಇಡೀ ಸಂಪುಟವೇ ಬಂತು, ಅದರಲ್ಲಿ ದಕ್ಷಿಣ ಕೀನ್ಯಾದ ತಾಫಿಯ ಬಗ್ಗೆಯೂ ಒಂದು ಅಧ್ಯಾಯ ಇದೆ.

ಇಲ್ಲೇ ಇರೋದು ಗಂಡಾಂತರ. ದಂಡು ಕಟ್ಟೋದು ಹಲ್ಲಿರೋ ಬೇಟೆಗಾರನಿಂದ ತಪ್ಪಿಸಿಕೊಳ್ಳೋಕೆ ಒಳ್ಳೆ ಉಪಾಯ. ಬಲೆ ಇರೋ ಬೇಟೆಗಾರನ ಮುಂದೆ ಅದೇ ಉಪಾಯ ತಲೆಕೆಳಗಾಗುತ್ತೆ. ಬಲೆಗೆ ಗೊಂದಲ ಆಗೋದಿಲ್ಲ. ನೂರರಲ್ಲಿ ಒಂದನ್ನು ಅದು ಆರಿಸೋದಿಲ್ಲ, ನೂರನ್ನೂ ತಗೊಳ್ಳುತ್ತೆ.

ನಮ್ಮ ಕರಾವಳಿಯವರಿಗೆ ಇದು ಹೊಸ ಮಾತಲ್ಲ. ರಂಪಣಿ ನೆನಪಿದೆಯಲ್ಲ? ದಡದಲ್ಲಿ ನಿಂತು ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಬಂಗುಡೆ, ಭೂತಾಯಿ ದಂಡು ಬಂತು ಅಂತ ಗುರುತಿಸೋದು. ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರದ ಹಾಗೆ ಸುತ್ತು ಹಾಕೋದು. ಆಮೇಲೆ ಹತ್ತಾರು ಜನ ಎರಡೂ ಕಡೆಯಿಂದ ಹಗ್ಗ ಹಿಡಿದು ಎಳೆಯೋದು. ಅದು ಪೂರ್ತಿ ದಂಡಿನ ಸ್ವಭಾವ ಬಲ್ಲವರ ಕಸುಬು. ಆದ್ರೆ ರಂಪಣಿಗೆ ಒಂದು ಮಿತಿ ಇತ್ತು: ದಂಡು ದಡಕ್ಕೆ ಬಂದ್ರೆ ಮಾತ್ರ ಮೀನು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಆ ಮಿತಿ ಹೋಯಿತು. ದಂಡು ಎಲ್ಲಿದೆಯೋ ಅಲ್ಲಿಗೇ ಹೋಗಿ ಸುತ್ತುವರಿಯಬಹುದು. ರಂಪಣಿಯವರು ಪ್ರತಿಭಟಿಸಿದ್ದು, ನಿಧಾನವಾಗಿ ರಂಪಣಿ ಮರೆಯಾದದ್ದು ಕರಾವಳಿಯ ಹಿರಿಯರಿಗೆ ಗೊತ್ತೇ ಇದೆ.

ದಂಡು ಕಟ್ಟೋ ಮೀನಿನಲ್ಲಿ ಇನ್ನೊಂದು ಮೋಸ ಇದೆ. ಸಾಮಾನ್ಯವಾಗಿ ಮೀನು ಕಡಿಮೆ ಆದ್ರೆ ಬಲೆಗೆ ಬೀಳೋದೂ ಕಡಿಮೆ ಆಗಬೇಕು. ಅದನ್ನು ನೋಡಿ ಎಚ್ಚರ ಆಗ್ತೀವಿ. ಆದ್ರೆ ಕೂಡೋ ಜಾಗ ಒಂದೇ ಆದಾಗ ಉಳಿದ ಮೀನುಗಳೂ ಅಲ್ಲಿಗೇ ಬಂದು ಒತ್ತಾಗಿ ಸೇರ್ತವೆ. ಹತ್ತು ಸಾವಿರ ಇದ್ದದ್ದು ಎರಡು ಸಾವಿರ ಆದ್ರೂ, ಆ ಹುಣ್ಣಿಮೆ ಆ ಜಾಗದಲ್ಲಿ ಬಲೆ ತುಂಬೇ ತುಂಬುತ್ತೆ. ಎಲ್ಲ ಸರಿ ಇದೆ ಅಂತಲೇ ಅನ್ನಿಸುತ್ತೆ. ಆಮೇಲೆ ಒಂದು ವರ್ಷ ಬಲೆ ಖಾಲಿ. ಅಷ್ಟು ಹೊತ್ತಿಗೆ ತಡ ಆಗಿರುತ್ತೆ.

ದಾರಿ ಅನ್ನೋದು ನೆನಪು

ಖಾಲಿಯಾದ ಮೇಲೆ ಸ್ವಲ್ಪ ಕಾಲ ಬಿಟ್ಟರೆ ಮೀನು ಮತ್ತೆ ಬರುತ್ತಲ್ಲ ಅಂತ ನೀವು ಕೇಳಬಹುದು. ಇದಕ್ಕೆ ಉತ್ತರ ಕೊಡೋ ಎರಡು ಪ್ರಯೋಗಗಳು ಕೆರಿಬಿಯನ್ ಸಮುದ್ರದಲ್ಲಿ ನಡೆದವು. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಪ್ರಯೋಗಗಳು ಇವು.

ಸೇಂಟ್ ಕ್ರೋಯಿ ದ್ವೀಪದಲ್ಲಿ ಫ್ರೆಂಚ್ ಗ್ರಂಟ್ ಅನ್ನೋ ಮೀನಿನ ಮರಿಗಳು ಹಗಲು ಹವಳದ ಬಳಿ ಗುಂಪಾಗಿರ್ತವೆ. ಮುಸ್ಸಂಜೆಗೆ ಸಾಲು ಕಟ್ಟಿ, ಪ್ರತಿದಿನ ಅದೇ ದಾರಿಯಲ್ಲಿ, ಕಡಲ ಹುಲ್ಲಿನ ಬಯಲಿಗೆ ಮೇಯೋಕೆ ಹೋಗ್ತವೆ. 1984ರಲ್ಲಿ ಹೆಲ್ಫ್‌ಮನ್ ಮತ್ತು ಶುಲ್ಟ್ಸ್ ಪ್ರಕಟಿಸಿದ ಪ್ರಯೋಗದಲ್ಲಿ ಬೇರೆ ಕಡೆಯ ಮರಿಗಳನ್ನು ತಂದು ಈ ಗುಂಪಿಗೆ ಸೇರಿಸಿದರು. ಹೊಸಬರು ಕೆಲವೇ ದಿನ ಹಳಬರ ಹಿಂದೆ ಹೋದರು. ಆಮೇಲೆ ಹಳಬರನ್ನೆಲ್ಲ ಅಲ್ಲಿಂದ ತೆಗೆದರು. ಹೊಸಬರು ತಾವೇ ಅದೇ ದಾರಿ ಹಿಡಿದು ಹೋದರು! ಹಳಬರ ಜೊತೆ ಒಮ್ಮೆಯೂ ಹೋಗದೆ ಇದ್ದ ಮರಿಗಳಿಗೆ ಮಾತ್ರ ಆ ದಾರಿ ಗೊತ್ತಾಗಲಿಲ್ಲ.

ಎರಡನೆಯದು ಪನಾಮಾದ ಸಾನ್ ಬ್ಲಾಸ್ ದ್ವೀಪಗಳದ್ದು. ರಾಬರ್ಟ್ ವಾರ್ನರ್ ಅವರು ನೀಲಿ ತಲೆಯ ರಾಸ್ ಅನ್ನೋ ಮೀನು ಮೊಟ್ಟೆ ಇಡೋ ಜಾಗಗಳನ್ನು 12 ವರ್ಷ ಗಮನಿಸಿದರು. ಮೀನು ಸತ್ತು ಹೊಸ ಮೀನು ಬಂದರೂ, ಹಲವು ತಲೆಮಾರು ಕಳೆದರೂ, ಜಾಗ ಬದಲಾಗಲಿಲ್ಲ. ಅವೇ ಒಳ್ಳೆ ಜಾಗ ಇರಬಹುದೇನೋ? ಪರೀಕ್ಷೆ ಮಾಡೋಕೆ ಅವರು ಕೆಲವು ದಿಬ್ಬಗಳ ಮೀನನ್ನು ಪೂರ್ತಿ ತೆಗೆದು ಬೇರೆ ಕಡೆಯ ಮೀನನ್ನು ಬಿಟ್ಟರು. ಹೊಸಬರು ಹಳೇ ಜಾಗಕ್ಕೆ ಹೋಗದೆ ಬೇರೆ ಜಾಗ ಆರಿಸಿಕೊಂಡರು, ಆಮೇಲೆ ಅದನ್ನೇ ಹಿಡಿದುಕೊಂಡರು. ಅಂದ್ರೆ ಹಳೇ ಜಾಗ ಅಲ್ಲಿ ಉಳಿದಿದ್ದದ್ದು ಬಂಡೆಯ ಗುಣದಿಂದ ಅಲ್ಲ. ಹಿರಿಯರಿಂದ ಕಿರಿಯರಿಗೆ ಬಂದ ರೂಢಿಯಿಂದ.

ಇದರ ಅರ್ಥ ಏನು ನೋಡಿ. ದಂಡಿಗೆ ನಾಯಕ ಇಲ್ಲ ಅಂದೆವು. ಆದ್ರೆ ದಂಡಿನಲ್ಲಿ ದಾರಿ ಗೊತ್ತಿರೋ ಕೆಲವರು ಇರ್ತಾರೆ. 2005ರಲ್ಲಿ ಇಯಾನ್ ಕೂಜಿನ್ ಮತ್ತು ಸಂಗಡಿಗರು ಕಂಪ್ಯೂಟರ್ ಲೆಕ್ಕದಿಂದ ತೋರಿಸಿದರು: ಗುಂಪು ದೊಡ್ಡದಾದಷ್ಟೂ, ದಾರಿ ಬಲ್ಲವರ ಪಾಲು ಕಡಿಮೆ ಇದ್ದರೂ ಸಾಕು. ಅವರು ಯಾರು ಅಂತ ಉಳಿದವರಿಗೆ ಗೊತ್ತಿರಬೇಕಾಗೇ ಇಲ್ಲ. ಆ ಕೆಲವರು ಸುಮ್ಮನೆ ತಮ್ಮ ದಾರಿ ಬಿಡದೆ ಹೋದ್ರೆ, ಇಡೀ ಗುಂಪು ಅವರ ಹಿಂದೆ ಬಾಗುತ್ತೆ. ಹಾಗಿರುವಾಗ ದೊಡ್ಡ, ವಯಸ್ಸಾದ ಮೀನನ್ನೇ ಮೊದಲು ಹಿಡಿದು ಮುಗಿಸಿದ್ರೆ ಹೋಗೋದು ಮೀನು ಮಾತ್ರ ಅಲ್ಲ, ದಾರಿಯೂ ಹೋಗುತ್ತೆ.

ಆದ್ರೆ ದಾರಿ ಬಲ್ಲವರು ಸ್ವಲ್ಪ ಉಳಿದಿದ್ದಾಗ ನಿಲ್ಲಿಸಿದ್ರೆ? ಕೆರಿಬಿಯನ್‌ನ ಪುಟ್ಟ ದ್ವೀಪ ಲಿಟಲ್ ಕೇಮನ್. 2001ರಲ್ಲಿ ಅಲ್ಲಿ ಸುಮಾರು 7,000 ನಸ್ಸಾವ್ ಗ್ರೂಪರ್‌ಗಳು ಕೂಡೋ ಜಾಗ ಮೀನುಗಾರರ ಕಣ್ಣಿಗೆ ಬಿತ್ತು. ಎರಡೇ ಋತುಗಳಲ್ಲಿ ಸುಮಾರು 4,000 ಮೀನು ಹಿಡಿದರು. 2003ರಲ್ಲಿ ಸರ್ಕಾರ ಆ ಕೂಟದ ಜಾಗದಲ್ಲಿ ಮೀನುಗಾರಿಕೆ ನಿಲ್ಲಿಸಿತು. ಕೆಲವು ವರ್ಷ ಏನೂ ಏರಿಕೆ ಕಾಣಲಿಲ್ಲ. ತಾಳ್ಮೆ ಕಳಕೊಳ್ಳದೆ ಕಾದರು. 2018ರ ಹೊತ್ತಿಗೆ ಸಂಖ್ಯೆ ಮತ್ತೆ 7,000ದ ಹತ್ತಿರ ಬಂತು. ಮುಚ್ಚಿದ್ದು ಇಡೀ ಕಡಲನ್ನಲ್ಲ. ಸರಿಯಾದ ಜಾಗ, ಸರಿಯಾದ ತಿಂಗಳು.

ಮ್ಸಾಂಬ್ವೇನಿಯ ತಾಫಿಗೂ ಇದೇ ಪಾಠ. ವರ್ಷಪೂರ್ತಿ ದೊಡ್ಡ ಜಾಗ ಮುಚ್ಚಿದ್ರೆ ಮೀನುಗಾರನ ಮನೆಯ ಒಲೆ ಆರುತ್ತೆ. ತಾಫಿ ಬೇಗ ಬೆಳೆಯೋ ಮೀನು, ಪಾಚಿ ತಿಂದು ಬದುಕೋದು, ತಡೆದುಕೊಳ್ಳೋ ಶಕ್ತಿ ಅದಕ್ಕಿದೆ. ಅದು ಕೂಡೋ ಕೆಲವು ದಿನ, ಕೂಡೋ ಆ ಜಾಗ ಮಾತ್ರ ಬಿಟ್ಟುಕೊಡೋದು ಮೀನುಗಾರರಿಗೂ ಒಪ್ಪಿಕೊಳ್ಳೋಕೆ ಸುಲಭ. ಯಾವ ದಿನ, ಯಾವ ಜಾಗ ಅನ್ನೋದು ಬೇರೆ ಯಾರಿಗಿಂತಲೂ ಮೊದಲು ಗೊತ್ತಿದ್ದದ್ದು ಅವರಿಗೇ. ಆ ತಿಳಿವಳಿಕೆ ಬಲೆ ಬೀಸೋಕೂ ಬಳಕೆ ಆಗಬಹುದು, ಬಲೆ ತಡೆಯೋಕೂ ಆಗಬಹುದು. ಅದನ್ನು ಅವರೇ ತಡೆಯೋ ಕಡೆಗೆ ಬಳಸಬೇಕಾದ್ರೆ, ಗಡಿ ಎಳೆಯೋ ಮೇಜಿನ ಮುಂದೆ ಅವರಿಗೂ ಒಂದು ಕುರ್ಚಿ ಇರಬೇಕು.

ಕೊನೆಗೆ, ನೀವು ನೋಡಬಹುದಾದದ್ದು. ವಟಾಮುಗೋ, ಕಿಸಿಟೆಗೋ ಹೋದಾಗ, ಅಥವಾ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋದಾಗ, ಹವಳವನ್ನು ಮುಟ್ಟದೆ, ಅದರ ಮೇಲೆ ಕಾಲಿಡದೆ, ಐದು ನಿಮಿಷ ಒಂದೇ ಕಡೆ ತೇಲಿಕೊಂಡು ಇರಿ. ಮೀನಿನ ಬಣ್ಣ ಬಿಟ್ಟು ನಡತೆ ನೋಡಿ. ಯಾವುದು ಜೋಡಿಯಲ್ಲಿದೆ? ಒಂದು ಮೇಯುವಾಗ ಇನ್ನೊಂದು ಏನು ಮಾಡ್ತಿದೆ? ಯಾವ ಸಣ್ಣ ಮೀನು ತೋಟ ಕಾಯ್ತಿದೆ, ಯಾವ ದಂಡು ನುಗ್ಗುತ್ತಿದೆ? ನಿಮ್ಮ ನೆರಳು ಬಿದ್ದಾಗ ಗುಂಪು ಎಷ್ಟು ಬೇಗ ದಂಡಾಯಿತು? ಮಕ್ಕಳಿದ್ರೆ ಅವರ ಕೈಲಿ ಎಣಿಸಿಸಿ. ಕಂಡದ್ದನ್ನು ನಮಗೂ ಬರೆದು ತಿಳಿಸಿ, ಎಲ್ಲಿ, ಎಷ್ಟು ಹೊತ್ತಿಗೆ ಅನ್ನೋದನ್ನೂ ಸೇರಿಸಿ.

ಮುಂದಿನ ಸಂಚಿಕೆಯಲ್ಲಿ ಹವಳದ ದಿಬ್ಬದ ಶಬ್ದಗಳ ಬಗ್ಗೆ ಮಾತಾಡೋಣ. ಮೊಟ್ಟೆಯಿಂದ ಹೊರಬಂದು ವಾರಗಟ್ಟಲೆ ತೆರೆದ ಕಡಲಲ್ಲಿ ತೇಲೋ ಮೀನಿನ ಮರಿಗಳು ಆ ಸದ್ದು ಕೇಳಿಕೊಂಡೇ ದಿಬ್ಬದ ಕಡೆ ಈಜಿ ಬರ್ತವೆ, ಗೊತ್ತಾ? ಅದರ ಕಥೆ ಆಗ.